ಕೀಲು ಬದಲಿಸಿದ ಮೇಲೆ ನೆತ್ತರು ಹೆಪ್ಪುಗಟ್ಟಿದರೆ

ಹಾಲನ್ನು ಕಾಯಿಸಿ, ಆರಿಸಿ, ಅದಕ್ಕೆ ಒಂದು ಚಮಚ ಮಜ್ಜಿಗೆಯನ್ನು ಬೆರೆಸಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಗಟ್ಟಿ ಮೊಸರಾಗಿರುತ್ತದೆ. ಇದನ್ನು ನಮ್ಮ ಮನೆಗಳಲ್ಲಿ ಹೆಪ್ಪು ಹಾಕುವುದು ಎನ್ನುತ್ತೇವೆ. ಗಾಯದಿಂದ ಒಸರಿದ ನೆತ್ತರು ಕೆಲವು ನಿಮಿಷಗಳಲ್ಲಿ ಗಟ್ಟಿಯಾಗುವುದನ್ನು ಕೂಡ ನಮ್ಮ ನುಡಿ ಇದೇ ಮಾತಿನಿಂದ ಹೆಸರಿಸಿದೆ. ಹೋಲಿಕೆ ಬರಿಯ ಮಾತಿನದಲ್ಲ. ಎರಡರಲ್ಲಿಯೂ ದ್ರವದೊಳಗೆ ಬಿಡಿಬಿಡಿಯಾಗಿ ಚಲಿಸುತ್ತಿದ್ದ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಮಿಕ್ಕುದೆಲ್ಲ ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡರಲ್ಲಿಯೂ ಕೆಲಸವನ್ನು ಆರಂಭಿಸುವುದಕ್ಕೆ ಅತ್ಯಲ್ಪವಾದ ಪ್ರಚೋದನೆ ಸಾಕು.

ನೆತ್ತರಿಗೆ ಈ ಗುಣವಿಲ್ಲದಿದ್ದರೆ ಮನುಷ್ಯನು ಬಾಳಲಾರನು. ಕುಡುಗೋಲು ತಾಗಿದ ಬೆರಳು, ಮುಳ್ಳು ಚುಚ್ಚಿದ ಪಾದ, ಹಲ್ಲು ಕೀಳಿಸಿದ ವಸಡು—ಇವೆಲ್ಲ ಮಾಯುವುದು ಹೆಪ್ಪಿನ ದಯೆಯಿಂದ. ಆದರೆ ಗಾಯದ ಬಾಯಿಯಲ್ಲಿ ಪ್ರಾಣವನ್ನು ಉಳಿಸುವ ಅದೇ ಹೆಪ್ಪು ನೆತ್ತರು ಹರಿಯುವ ನಾಳದ ಒಳಗೇ ಕಟ್ಟಿಕೊಂಡರೆ ಪ್ರಾಣವನ್ನು ತೆಗೆಯಲೂ ಬಲ್ಲುದು. ಸವೆದ ಮಂಡಿಯನ್ನೊ ಸೊಂಟದ ಕೀಲನ್ನೊ ತೆಗೆದು ಹೊಸ ಕೀಲನ್ನು ಕೂಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಈ ಎರಡು ಮುಖಗಳೂ ಒಮ್ಮೆಗೇ ಎದುರಾಗುತ್ತವೆ. ಗಾಯದಲ್ಲಿ ಹೆಪ್ಪು ಬೇಕು, ನಾಳದಲ್ಲಿ ಬೇಡ. ವೈದ್ಯರು ಈ ಇಕ್ಕಟ್ಟನ್ನು ಹೇಗೆ ನಿಭಾಯಿಸುತ್ತಾರೆ, ರೋಗಿಯ ಮನೆಯವರು ಏನನ್ನು ತಿಳಿದಿರಬೇಕು ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಿಸೋಣ.

ಹೊಳಲೂರಿನ ಅಜ್ಜಿ

ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿ ಹೊಳಲೂರು ಎಂಬ ಊರಿದೆ. ಬತ್ತದ ಗದ್ದೆ, ಅಡಕೆಯ ತೋಟಗಳ ಸೀಮೆ ಅದು. ಆ ಊರಿನ ಅಜ್ಜಿಯೊಬ್ಬರನ್ನು ನಾವು ಕಲ್ಪಿಸಿಕೊಳ್ಳೋಣ. ವಯಸ್ಸು 68. ನಾಟಿ, ಕಳೆ, ಕೊಯ್ಲು ಎಂದು ನಾಲ್ಕು ದಶಕಗಳ ಕಾಲ ಬಗ್ಗಿ ಎದ್ದ ಮಂಡಿಗಳು ಸವೆದುಹೋಗಿವೆ. ಎಲುಬಿನ ತುದಿಗಳನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿ ಅಳಿದು, ಎಲುಬಿಗೆ ಎಲುಬು ತಾಗುತ್ತಿದೆ. ಅಂಗಳದಿಂದ ಕೊಟ್ಟಿಗೆಗೆ ಹೋಗುವುದೂ ದುಸ್ತರವಾಗಿದೆ.

ಇಂಥ ಕೀಲನ್ನು ಬದಲಿಸುವ ವಿದ್ಯೆ ತೀರ ಹಳೆಯದೇನೂ ಅಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಎಂಬವರು 1962ರಲ್ಲಿ ಲೋಹದ ಗುಂಡನ್ನೂ ಪಾಲಿಥೀನಿನ ಬಟ್ಟಲನ್ನೂ ಕೂಡಿಸಿ ಸೊಂಟಕ್ಕೆ ಬಾಳಿಕೆ ಬರುವ ಕೀಲನ್ನು ಅಳವಡಿಸಿದರು. ಮಂಡಿಯ ಕೀಲು ಅದರ ಬೆನ್ನಿಗೇ ಬಂದಿತು. ಇಂದು ಈ ಶಸ್ತ್ರಕ್ರಿಯೆ ಮಹಾನಗರಗಳಿಗೆ ಸೀಮಿತವಾಗಿಲ್ಲ. ಶಿವಮೊಗ್ಗದಂಥ ಜಿಲ್ಲಾ ಕೇಂದ್ರಗಳಲ್ಲಿಯೂ ನಡೆಯುತ್ತದೆ. ನಮ್ಮ ಅಜ್ಜಿ ಹೋಗಿ ಮಂಡಿಯನ್ನು ಬದಲಿಸಿಕೊಂಡರೆಂದೂ, ಮರುದಿನವೇ ಊರುಗೋಲು ಹಿಡಿದು ನಾಲ್ಕು ಹೆಜ್ಜೆ ನಡೆದರೆಂದೂ, ಐದನೆಯ ದಿನ ಊರಿಗೆ ಮರಳಿದರೆಂದೂ ಇಟ್ಟುಕೊಳ್ಳೋಣ. ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. ಆದರೆ ನಮ್ಮ ಕಥೆ ತೊಡಗುವುದೇ ಅಲ್ಲಿಂದ.

ನಿಂತ ನೀರು, ಒಡೆದ ಏರಿ, ಹೆಚ್ಚಿದ ಹೂಳು

ನಾಳದೊಳಗೆ ನೆತ್ತರು ಏಕೆ ಹೆಪ್ಪುಗಟ್ಟುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಜರ್ಮನಿಯ ರೂಡಾಲ್ಫ್ ವಿರ್ಕೊ ಅಗ್ರಗಣ್ಯರು. ಕಾಲಿನಲ್ಲಿ ಕಟ್ಟಿದ ಹೆಪ್ಪಿನ ತುಣುಕು ಕಳಚಿ, ನೆತ್ತರಿನೊಡನೆ ಸಾಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆಂಬುದನ್ನು ಅವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ತೋರಿಸಿಕೊಟ್ಟರು. ನಾಳದೊಳಗೆ ಹೆಪ್ಪು ಕಟ್ಟಲು ಕಾರಣಗಳು ಮೂರು ಎಂಬ ಸೂತ್ರ ಇಂದಿಗೂ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ಆ ಮೂರನ್ನು ನಾಲೆಯ ನೀರನ್ನು ಕಂಡವರು ಸುಲಭವಾಗಿ ಗ್ರಹಿಸಬಲ್ಲರು. ಮೊದಲನೆಯದು, ಹರಿವು ನಿಧಾನವಾಗುವುದು. ರಭಸದಿಂದ ಹರಿಯುವ ನಾಲೆಯಲ್ಲಿ ಹೂಳು ನಿಲ್ಲುವುದಿಲ್ಲ; ನೀರು ಮಂದವಾದ ತಿರುವಿನಲ್ಲಿ ಅದು ಕೂಡಿಕೊಳ್ಳುತ್ತದೆ. ಎರಡನೆಯದು, ನಾಳದ ಗೋಡೆಗೆ ಪೆಟ್ಟಾಗುವುದು. ನಾಲೆಯ ಏರಿ ಬಿರಿದಂತೆ. ಮೂರನೆಯದು, ನೆತ್ತರಿನ ಗುಣವೇ ಮಾರ್ಪಟ್ಟು ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುವುದು. ನೀರಿನಲ್ಲಿ ಮಣ್ಣಿನ ಅಂಶವೇ ಹೆಚ್ಚಿದಂತೆ.

ಕೀಲು ಬದಲಿಸುವ ಶಸ್ತ್ರಕ್ರಿಯೆಯಲ್ಲಿ ಈ ಮೂರೂ ಒಟ್ಟಿಗೆ ಒದಗುವುದು ದುರ್ದೈವದ ಸಂಗತಿ. ಕಾಲಿನ ಅಭಿಧಮನಿಗಳಲ್ಲಿ ನೆತ್ತರು ಭೂಮಿಯ ಆಕರ್ಷಣೆಗೆ ವಿರುದ್ಧವಾಗಿ ಮೇಲಕ್ಕೆ ಏರಬೇಕು. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಸಂಕುಚಿಸಿ ಆ ನೆತ್ತರನ್ನು ಹಿಂಡಿ ಮೇಲಕ್ಕೆ ಕಳುಹಿಸುತ್ತವೆ; ನಾಳದೊಳಗಿನ ಕವಾಟಗಳು ಅದು ಮತ್ತೆ ಕೆಳಗಿಳಿಯದಂತೆ ತಡೆಯುತ್ತವೆ. ಆದುದರಿಂದಲೇ ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದುಂಟು. ಅರಿವಳಿಕೆ ಪಡೆದು ಮಲಗಿದವರಲ್ಲಿ ಈ ಹೃದಯ ನಿಂತುಹೋಗುತ್ತದೆ. ಮಂಡಿಯ ಶಸ್ತ್ರಕ್ರಿಯೆಯಲ್ಲಿ ನೆತ್ತರು ಸೋರದಂತೆ ತೊಡೆಗೆ ಬಿಗಿಪಟ್ಟಿಯನ್ನು ಕಟ್ಟುವುದೂ ಉಂಟು. ಆಗ ಹರಿವು ನಿಂತೇಬಿಡುತ್ತದೆ. ಸೊಂಟದ ಶಸ್ತ್ರಕ್ರಿಯೆಯಲ್ಲಿ ತೊಡೆಯನ್ನು ತಿರುಗಿಸುವಾಗ ಅಲ್ಲಿಯ ದೊಡ್ಡ ಅಭಿಧಮನಿ ತಿರುಚಿಕೊಂಡು ಅದರ ಗೋಡೆ ನೋಯುತ್ತದೆ. ಎಲುಬನ್ನು ಕೊಯ್ದು ಕೊರೆಯುವಾಗ ಹೆಪ್ಪಿಗೆ ಪ್ರಚೋದನೆ ನೀಡುವ ವಸ್ತುಗಳು ನೆತ್ತರಿಗೆ ಸೇರುತ್ತವೆ. ಇಷ್ಟು ದೊಡ್ಡ ಗಾಯವಾಯಿತೆಂದು ಬಗೆದ ಶರೀರವೂ ಮುಂದಿನ ಕೆಲವು ವಾರಗಳ ಕಾಲ ಹೆಪ್ಪಿನ ಸಾಮಗ್ರಿಯನ್ನು ಹೆಚ್ಚಾಗಿಯೇ ಒದಗಿಸುತ್ತದೆ.

ತಡೆಯುವ ಔಷಧವಿಲ್ಲದಿದ್ದ ಕಾಲದಲ್ಲಿ ಸೊಂಟ ಅಥವಾ ಮಂಡಿಯ ಕೀಲು ಬದಲಿಸಿಕೊಂಡವರ ಕಾಲುಗಳನ್ನು ಬಣ್ಣದ್ರವ ತುಂಬಿ ಎಕ್ಸ್-ಕಿರಣದಿಂದ ಪರೀಕ್ಷಿಸಿದಾಗ ನೂರರಲ್ಲಿ 40ರಿಂದ 60 ಮಂದಿಯಲ್ಲಿ ಹೆಪ್ಪು ಕಂಡುಬರುತ್ತಿತ್ತು. ವಾಚಕರು ಗಾಬರಿಯಾಗಬೇಕಾಗಿಲ್ಲ. ಅವುಗಳಲ್ಲಿ ಹೆಚ್ಚಿನವು ಸಣ್ಣವು; ಯಾವ ತೊಂದರೆಯನ್ನೂ ಕೊಡದೆ ತಾವಾಗಿ ಕರಗಿಹೋಗುವಂಥವು. ಆದರೆ ಯಾವುದು ಕರಗುತ್ತದೆ, ಯಾವುದು ಬೆಳೆಯುತ್ತದೆ ಎಂದು ಮೊದಲೇ ಹೇಳಬಲ್ಲವರು ಯಾರು?

ಕೂಡಲಿಯಿಂದ ಮುಂದೆ

ಹೊಳಲೂರಿಗೆ ಸಮೀಪದಲ್ಲಿ ಕೂಡಲಿ ಇದೆ. ತುಂಗೆಯೂ ಭದ್ರೆಯೂ ಅಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ನಮ್ಮ ಶರೀರದಲ್ಲಿಯೂ ಅಂಥದೊಂದು ಕೂಡಲಿ ಇದೆ. ಎಡಗಾಲಿನಿಂದ ಬಂದ ದೊಡ್ಡ ಅಭಿಧಮನಿ, ಬಲಗಾಲಿನಿಂದ ಬಂದ ದೊಡ್ಡ ಅಭಿಧಮನಿ ಇವೆರಡೂ ಹೊಕ್ಕುಳಿನ ಸುಮಾರಿನಲ್ಲಿ, ಬೆನ್ನೆಲುಬಿನ ಮುಂದೆ ಕೂಡಿ ಒಂದೇ ಮಹಾಭಿಧಮನಿಯಾಗಿ ಹೃದಯದ ಬಲಭಾಗವನ್ನು ಸೇರುತ್ತವೆ.

ಮೀನಖಂಡದ ನಾಳದಲ್ಲಿ ಹುಟ್ಟಿದ ಹೆಪ್ಪು ಅಲ್ಲಿಯೇ ಉಳಿದರೆ ಕಾಲು ಬಾತು ನೋಯುತ್ತದೆ. ಅದು ಮೇಲಕ್ಕೆ ಬೆಳೆದು ಮಂಡಿಯ ಹಿಂಬದಿಗೆ, ತೊಡೆಗೆ ಹಬ್ಬಿದರೆ ಅಪಾಯ ಹೆಚ್ಚು. ಅದರ ತುದಿಯೊಂದು ಕಳಚಿಕೊಂಡಿತೆನ್ನೋಣ. ಮಳೆಗಾಲದಲ್ಲಿ ಹೊಳೆಗೆ ಬಿದ್ದ ಮರದ ದಿಮ್ಮಿಯಂತೆ ಅದು ತೇಲುತ್ತ ಶರೀರದ ಕೂಡಲಿಯನ್ನು ದಾಟುತ್ತದೆ. ಅಲ್ಲಿಂದ ಹೃದಯದ ತನಕ ಹಾದಿ ಅಗಲವಾಗುತ್ತ ಹೋಗುವುದರಿಂದ ಎಲ್ಲಿಯೂ ತಡೆಯಿಲ್ಲ. ಹೃದಯವು ಅದನ್ನು ಶ್ವಾಸಕೋಶದ ಕಡೆಗೆ ತಳ್ಳುತ್ತದೆ. ಇಲ್ಲಿ ನಾಳಗಳು ದೊಡ್ಡ ನಾಲೆಯಿಂದ ಕಿರುನಾಲೆ, ಕಿರುನಾಲೆಯಿಂದ ಗದ್ದೆಯ ಕಾಲುವೆ ಎಂಬಂತೆ ಕವಲೊಡೆದು ಕಿರಿದಾಗುತ್ತವೆ. ದಿಮ್ಮಿ ತೂಬಿಗೆ ಅಡ್ಡ ಸಿಕ್ಕಿದಂತೆ ಹೆಪ್ಪು ಎಲ್ಲಿಯೋ ಒಂದೆಡೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಪ್ರದೇಶಕ್ಕೆ ನೆತ್ತರಿಲ್ಲ. ಸಣ್ಣದಾದರೆ ಎದೆನೋವು, ಏದುಸಿರು. ದೊಡ್ಡದಾದರೆ ಹೃದಯದ ಬಲಭಾಗವು ಎದುರಿನ ಒತ್ತಡವನ್ನು ತಾಳಲಾರದೆ ಕೆಲವೇ ನಿಮಿಷಗಳಲ್ಲಿ ಸೋತುಹೋಗಬಹುದು.

ಇದು ಯಾವಾಗ ಸಂಭವಿಸುತ್ತದೆ? ಕ್ಯಾಲಿಫೋರ್ನಿಯದ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ವರದಿಯೊಂದು ಕಣ್ಣು ತೆರೆಸುವಂತಿದೆ. ಮಂಡಿ ಬದಲಿಸಿಕೊಂಡವರಲ್ಲಿ ಹೆಪ್ಪಿನ ರೋಗ ಪತ್ತೆಯಾದ ಮಧ್ಯಮ ದಿನ ಏಳನೆಯದು. ಸೊಂಟ ಬದಲಿಸಿಕೊಂಡವರಲ್ಲಿ ಹದಿನೇಳನೆಯದು. ಎಂದರೆ ಸೊಂಟದ ರೋಗಿಗಳಲ್ಲಿ ಅರ್ಧದಷ್ಟು ಪ್ರಕರಣಗಳು ಎರಡು ವಾರಗಳು ಕಳೆದ ಮೇಲೆಯೇ ಬೆಳಕಿಗೆ ಬಂದವು. ಅಷ್ಟು ಹೊತ್ತಿಗೆ ರೋಗಿ ಆಸ್ಪತ್ರೆಯಲ್ಲಿರುವುದಿಲ್ಲ. ಶಸ್ತ್ರವೈದ್ಯರ ಕಣ್ಣು, ದಾದಿಯ ಕೈ ದೂರವಾಗಿ, ನೋಡಿಕೊಳ್ಳುವವರು ಮಗಳು, ಸೊಸೆ, ಮೊಮ್ಮಕ್ಕಳು ಮಾತ್ರ ಆದಾಗಲೇ ಅಪಾಯ ಬಾಗಿಲು ತಟ್ಟುತ್ತದೆ.

ಒತ್ತಿದರೆ ಮುಚ್ಚದ ನಾಳ

ಮನೆಗೆ ಮರಳಿದ ಒಂಬತ್ತನೆಯ ದಿನ ನಮ್ಮ ಅಜ್ಜಿಯ ಕಾಲು ಬಾತಿದೆ ಎಂದಿಟ್ಟುಕೊಳ್ಳೋಣ. ಶಸ್ತ್ರಕ್ರಿಯೆಯಾದ ಕಾಲು ಕೊಂಚ ಬಾಯುವುದು ಸಹಜ. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟರೆ ಆ ಬಾವು ಇಳಿಯುತ್ತದೆ, ದಿನಕಳೆದಂತೆ ಕಡಿಮೆಯಾಗುತ್ತದೆ. ಆದರೆ ಇಳಿಯುತ್ತಿದ್ದ ಬಾವು ಮತ್ತೆ ಏರತೊಡಗಿದರೆ, ರಾತ್ರಿಯೆಲ್ಲ ಎತ್ತಿಟ್ಟರೂ ತಗ್ಗದಿದ್ದರೆ, ಮೀನಖಂಡವನ್ನು ಮುಟ್ಟಿದರೆ ನೋವಾದರೆ, ಚರ್ಮ ಬಿಸಿಯಾಗಿ ಕೆಂಪೇರಿದರೆ, ಅದನ್ನು ಅಲಕ್ಷಿಸಲಾಗದು.

ನಮ್ಮ ಹಳ್ಳಿಗಳಲ್ಲಿ ಕಾಲು ಬಾತಾಗ ಎಣ್ಣೆ ಹಚ್ಚಿ ನೀವುವ ವಾಡಿಕೆಯುಂಟು. ಪ್ರೀತಿಯಿಂದ ಮಾಡುವ ಉಪಚಾರ ಅದು. ಆದರೆ ಈ ಸಂದರ್ಭದಲ್ಲಿ ಅದಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ. ನೀವಿದ ಕೈಯೇ ಹೆಪ್ಪನ್ನು ಕಳಚಿ ಶ್ವಾಸಕೋಶದತ್ತ ಕಳುಹಿಸಬಹುದು. ಹೆಪ್ಪಿನ ಶಂಕೆಯಿರುವ ಕಾಲನ್ನು ತಿಕ್ಕಬಾರದು, ನೀವಬಾರದು.

ಕಣ್ಣಿಗೆ ಕಾಣುವ ಲಕ್ಷಣಗಳಿಂದ ವೈದ್ಯರೂ ನಿಶ್ಚಯವಾಗಿ ಹೇಳಲಾರರು. ನಿರ್ಣಯ ಕೊಡುವುದು ಶ್ರವಣಾತೀತ ಧ್ವನಿಯ ಪರೀಕ್ಷೆ, ಎಂದರೆ ಬಸುರಿಯರ ಹೊಟ್ಟೆಯನ್ನು ನೋಡಲು ಬಳಸುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಇದರ ತತ್ತ್ವ ಎಷ್ಟು ಸರಳವೆಂದರೆ ಕೇಳಿದವರು ಬೆರಗಾಗುತ್ತಾರೆ. ಅಭಿಧಮನಿಯ ಗೋಡೆ ತೆಳುವಾದುದು. ಪರೀಕ್ಷಕರು ಉಪಕರಣದ ಮೂತಿಯಿಂದ ಚರ್ಮದ ಮೇಲೆ ಮೆಲ್ಲಗೆ ಒತ್ತಿದಾಗ ಆರೋಗ್ಯವಾದ ನಾಳ ಖಾಲಿ ಚೀಲದಂತೆ ಮುಚ್ಚಿಕೊಳ್ಳುತ್ತದೆ. ಒಳಗೆ ಹೆಪ್ಪು ತುಂಬಿದ್ದರೆ ಮುಚ್ಚುವುದಿಲ್ಲ. ನೋವಿಲ್ಲ, ಸೂಜಿಯಿಲ್ಲ, ಅಪಾಯಕರವಾದ ಕಿರಣಗಳೂ ಇಲ್ಲ. ಶ್ವಾಸಕೋಶಕ್ಕೆ ಹೆಪ್ಪು ಹೋಗಿದೆಯೆಂಬ ಶಂಕೆ ಬಂದರೆ ಬಣ್ಣದ್ರವವನ್ನು ನಾಳಕ್ಕೆ ಸೇರಿಸಿ ಸಿ.ಟಿ. ಯಂತ್ರದಿಂದ ಎದೆಯ ಚಿತ್ರವನ್ನು ತೆಗೆಯುತ್ತಾರೆ.

ವಿದ್ಯಾರ್ಥಿಯೊಬ್ಬನ ತಿರುಗುಮುರುಗು ಶೋಧ

ಹೆಪ್ಪು ಇದೆಯೆಂದು ಗೊತ್ತಾಯಿತು. ಇನ್ನು ಚಿಕಿತ್ಸೆಯ ವಿಚಾರ. ಇದಕ್ಕಾಗಿ ನಾವು 1916ನೆಯ ವರ್ಷಕ್ಕೆ ಹೋಗಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ ಪ್ರೊಫೆಸರ್ ವಿಲಿಯಂ ಹೋವೆಲ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದನು. ನೆತ್ತರನ್ನು ಬೇಗನೆ ಹೆಪ್ಪುಗಟ್ಟಿಸುವ ವಸ್ತುವನ್ನು ಪ್ರಾಣಿಗಳ ಅಂಗಗಳಿಂದ ಪ್ರತ್ಯೇಕಿಸುವುದು ಅವನಿಗೆ ಒಪ್ಪಿಸಿದ್ದ ಕೆಲಸ. ಆದರೆ ಯಕೃತ್ತಿನಿಂದ ತೆಗೆದ ಸಾರ ತದ್ವಿರುದ್ಧವಾಗಿ ವರ್ತಿಸಿತು: ಅದನ್ನು ಬೆರೆಸಿದ ನೆತ್ತರು ಹೆಪ್ಪುಗಟ್ಟಲೇ ಇಲ್ಲ. ಅವನು ಬೆಕ್ಕಿನ ನೆತ್ತರಿಗೆ ಆ ಸಾರವನ್ನು ಬೆರೆಸಿ ಗುರುಗಳ ಮೇಜಿನ ಮೇಲಿಟ್ಟು, ಹೆಪ್ಪುಗಟ್ಟಿದಾಗ ತನಗೆ ತಿಳಿಸಬೇಕೆಂದು ಕೇಳಿಕೊಂಡನಂತೆ. ಅದು ಹೆಪ್ಪುಗಟ್ಟುವ ಕಾಲ ಬರಲೇ ಇಲ್ಲ. ಹೋವೆಲ್ ಅವರು ಕೆಲಸವನ್ನು ಮುಂದುವರಿಸಿ 1918ರಲ್ಲಿ ಇಂಥ ವಸ್ತುವಿಗೆ ಹೆಪಾರಿನ್ ಎಂದು ಹೆಸರಿಟ್ಟರು. ಈ ಹೆಸರಿಗೂ ನಮ್ಮ ಹೆಪ್ಪಿಗೂ ನಂಟಿಲ್ಲ. ಗ್ರೀಕ್ ಭಾಷೆಯಲ್ಲಿ ಹೆಪಾರ್ ಎಂದರೆ ಯಕೃತ್ತು.

ಹೆಪಾರಿನ್ ಮಾಡುವ ಕೆಲಸವೇನು? ನೆತ್ತರು ಹೆಪ್ಪುಗಟ್ಟುವುದು ಒಂದು ಸರಣಿಯ ಕ್ರಿಯೆ. ಒಂದು ಪ್ರೋಟೀನು ಮತ್ತೊಂದನ್ನು ಎಚ್ಚರಿಸುತ್ತದೆ, ಅದು ಮಗುದೊಂದನ್ನು. ಸರಣಿಯ ಕೊನೆಯ ಭಾಗದಲ್ಲಿ ಹತ್ತನೆಯ ಘಟಕವೆಂಬುದು ಥ್ರಾಂಬಿನ್ ಎಂಬ ಕಿಣ್ವವನ್ನು ಹುಟ್ಟಿಸುತ್ತದೆ. ಥ್ರಾಂಬಿನ್ ನೆತ್ತರಿನಲ್ಲಿ ಕರಗಿರುವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಂಬ ನೂಲಾಗಿ ಮಾರ್ಪಡಿಸುತ್ತದೆ. ಆ ನೂಲೇ ಬಲೆ. ಸರಣಿ ಮಿತಿಮೀರದಂತೆ ತಡೆಯುವ ಕಡಿವಾಣಗಳೂ ನೆತ್ತರಿನಲ್ಲಿವೆ. ಹೆಪಾರಿನ್ ಅಂಥದೊಂದು ಕಡಿವಾಣಕ್ಕೆ ನೂರಾರು ಪಾಲು ಬಲವನ್ನು ಕೊಡುತ್ತದೆ. ಇಂದು ಅದನ್ನು ಬಹುಮಟ್ಟಿಗೆ ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸುತ್ತಾರೆ. ಅದರ ಅಣುಗಳನ್ನು ಸಣ್ಣದಾಗಿಸಿದ ಎನಾಕ್ಸಪಾರಿನ್ ಮುಂತಾದವನ್ನು ಹೊಟ್ಟೆಯ ಚರ್ಮದಡಿಗೆ ಚುಚ್ಚಬಹುದು. ಮನೆಯವರೂ ಕಲಿತು ಕೊಡಬಹುದು.

ಈ ಔಷಧ ನಿಜವಾಗಿಯೂ ಪ್ರಾಣವನ್ನು ಉಳಿಸುತ್ತದೆಯೆ? ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಬ್ಯಾರಿಟ್ ಮತ್ತು ಜೋರ್ಡಾನ್ ಎಂಬ ಇಬ್ಬರು ವೈದ್ಯರು ಇದನ್ನು ಒರೆಗೆ ಹಚ್ಚಿ 1960ರಲ್ಲಿ ಫಲಿತವನ್ನು ಪ್ರಕಟಿಸಿದರು. ಶ್ವಾಸಕೋಶಕ್ಕೆ ಹೆಪ್ಪು ಹೋದ 35 ರೋಗಿಗಳಲ್ಲಿ 16 ಮಂದಿಗೆ ಔಷಧ ದೊರೆಯಿತು. 19 ಮಂದಿಗೆ ದೊರೆಯಲಿಲ್ಲ. ಔಷಧವಿಲ್ಲದ 19 ಮಂದಿಯಲ್ಲಿ ಐವರು ಆ ರೋಗದಿಂದಲೇ ಸತ್ತರು. ಇನ್ನೈವರಿಗೆ ಪ್ರಾಣಕ್ಕೆ ಎರವಾಗದಿದ್ದರೂ ರೋಗ ಮರುಕಳಿಸಿತು. ಔಷಧ ಪಡೆದ 16 ಮಂದಿಯಲ್ಲಿ ಆ ರೋಗದಿಂದ ಸತ್ತವರು ಒಬ್ಬರೂ ಇಲ್ಲ. ಹೀಗಿರುವಾಗ ರೋಗಿಗಳಿಗೆ ಔಷಧವನ್ನು ನಿರಾಕರಿಸಿ ಪ್ರಯೋಗವನ್ನು ಮುಂದುವರಿಸುವುದು ಅಧರ್ಮವೆಂದು ಆ ವೈದ್ಯರು ಬಗೆದರು. 35 ಮಂದಿಯ ಆ ಸಣ್ಣ ಪ್ರಯೋಗ ಅಲ್ಲಿಂದ ಮುಂದಿನ ಚಿಕಿತ್ಸೆಗೆ ತಳಹದಿಯಾಯಿತು.

ಬೂಷ್ಟು ಹಿಡಿದ ಮೇವು ಮತ್ತು ಇಂಬಳ

ಹೆಪಾರಿನ್ನನ್ನು ಚುಚ್ಚಬೇಕು, ನುಂಗಿದರೆ ಫಲವಿಲ್ಲ. ನುಂಗುವ ಔಷಧ ದೊರೆತುದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಕೆನಡ ಮತ್ತು ಅಮೆರಿಕದ ಉತ್ತರ ಸೀಮೆಗಳಲ್ಲಿ ದನಗಳು ಸಣ್ಣಪುಟ್ಟ ಗಾಯಗಳಿಂದಲೂ ನೆತ್ತರು ಸೋರಿ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ಮೇವಿನ ಸೊಪ್ಪು ಮಳೆಗೆ ನೆನೆದು ಬೂಷ್ಟು ಹಿಡಿದಾಗ ಅದನ್ನು ತಿಂದ ದನಗಳಿಗೆ ಹೀಗಾಗುತ್ತದೆಂದು ಪಶುವೈದ್ಯರು ಕಂಡುಕೊಂಡರು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬನು ಹಿಮಪಾತವನ್ನು ಲೆಕ್ಕಿಸದೆ, ಸತ್ತ ಕಡಸನ್ನೂ ಹೆಪ್ಪುಗಟ್ಟದ ನೆತ್ತರು ತುಂಬಿದ ಹಾಲಿನ ಕ್ಯಾನನ್ನೂ ಬೂಷ್ಟು ಹಿಡಿದ ಮೇವನ್ನೂ ಹೊತ್ತು ವಿಶ್ವವಿದ್ಯಾಲಯಕ್ಕೆ ಬಂದನು. ಅಲ್ಲಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಂಗಡಿಗರು ಆರು ವರ್ಷ ದುಡಿದು 1939ರಲ್ಲಿ ಮೇವಿನೊಳಗಿನ ವಿಷವನ್ನು ಹರಳಾಗಿ ಪಡೆದರು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿಯ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಹೆಪ್ಪಿನ ಸರಣಿಯ ಕೆಲವು ಪ್ರೋಟೀನುಗಳನ್ನು ತಯಾರಿಸಲು ಯಕೃತ್ತಿಗೆ ಕೆ ಜೀವಸತ್ತ್ವ ಬೇಕು; ವಾರ್ಫರಿನ್ ಆ ಜೀವಸತ್ತ್ವದ ಬಳಕೆಗೆ ಅಡ್ಡಿ ಮಾಡುತ್ತದೆ. ಅದು ಪೂರ್ತಿ ಫಲಿಸಲು ನಾಲ್ಕೈದು ದಿನಗಳು ಬೇಕಾದುದರಿಂದ ಅಲ್ಲಿಯವರೆಗೆ ಹೆಪಾರಿನ್ ಜೊತೆಗಿರಬೇಕು. ಸೊಪ್ಪುತರಕಾರಿಗಳಲ್ಲಿ ಕೆ ಜೀವಸತ್ತ್ವ ಹೇರಳವಾಗಿರುವುದರಿಂದ ಊಟ ದಿನಕ್ಕೊಂದು ಬಗೆಯಾದರೆ ಔಷಧದ ಫಲವೂ ಏರುಪೇರಾಗುತ್ತದೆ. ಆದುದರಿಂದ ಆಗಾಗ ನೆತ್ತರನ್ನು ಪರೀಕ್ಷಿಸಿ, ಐಎನ್‌ಆರ್ ಎಂಬ ಅಳತೆಯನ್ನು 2ರಿಂದ 3ರೊಳಗೆ ಇರಿಸಬೇಕು.

ಮಲೆನಾಡಿನವರಿಗೆ ಇನ್ನೊಂದು ಔಷಧದ ಮೂಲ ಚೆನ್ನಾಗಿ ಪರಿಚಿತ. ತೀರ್ಥಹಳ್ಳಿ, ಆಗುಂಬೆಗಳ ಕಡೆ ಮಳೆಗಾಲದಲ್ಲಿ ತೋಟಕ್ಕೆ ಇಳಿದವರ ಕಾಲಿಗೆ ಇಂಬಳ ಹತ್ತುತ್ತದೆ. ಅದು ನೆತ್ತರು ಹೀರಿ ಉದುರಿದ ಮೇಲೂ ಗಾಯದಿಂದ ಬಹಳ ಹೊತ್ತು ನೆತ್ತರು ಹರಿಯುತ್ತಲೇ ಇರುತ್ತದೆ. ಇಂಬಳದ ನೆಂಟನಾದ ಜಿಗಣೆಯ ಬಾಯಲ್ಲಿ ನೆತ್ತರನ್ನು ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆಯೆಂದು ಜಾನ್ ಹೇಕ್ರಾಫ್ಟ್ ಎಂಬವರು 1884ರಲ್ಲಿಯೇ ತೋರಿಸಿದ್ದರು. ಹಿರುಡಿನ್ ಎಂಬ ಆ ಪ್ರೋಟೀನನ್ನು ಜರ್ಮನಿಯ ಫ್ರಿಟ್ಜ್ ಮಾರ್ಕ್ವಾರ್ಟ್ 1950ರ ದಶಕದಲ್ಲಿ ಶುದ್ಧರೂಪದಲ್ಲಿ ಪಡೆದರು. ಅದು ಥ್ರಾಂಬಿನ್ನನ್ನು ನೇರವಾಗಿ ಹಿಡಿದು ಕಟ್ಟಿಹಾಕುತ್ತದೆ. ಯೀಸ್ಟ್ ಜೀವಕೋಶಗಳಲ್ಲಿ ತಯಾರಿಸಿದ ಹಿರುಡಿನ್ನನ್ನು ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಹೆಪ್ಪು ತಡೆಯಲು 1990ರ ದಶಕದಲ್ಲಿ ಪ್ರಯೋಗಿಸಿ ಫಲವನ್ನು ಕಂಡರು.

ಸರಣಿಯ ಒಂದೇ ಒಂದು ಕೊಂಡಿಯನ್ನು ನೇರವಾಗಿ ಹಿಡಿಯುವ ಈ ಉಪಾಯವನ್ನೇ ರಸಾಯನಶಾಸ್ತ್ರಜ್ಞರು ಮುಂದೆ ಮಾತ್ರೆಗಳಲ್ಲಿ ಸಾಧಿಸಿದರು. ಥ್ರಾಂಬಿನ್ನನ್ನು ಹಿಡಿಯುವ ಡಾಬಿಗಟ್ರಾನ್, ಹತ್ತನೆಯ ಘಟಕವನ್ನು ಹಿಡಿಯುವ ರಿವರಾಕ್ಸಬಾನ್ ಇವೆರಡಕ್ಕೂ 2008ರಲ್ಲಿ ಯೂರೋಪು ಮೊದಲು ಒಪ್ಪಿಗೆ ಕೊಟ್ಟುದು ಕೀಲು ಬದಲಿಸಿಕೊಂಡ ರೋಗಿಗಳಿಗಾಗಿಯೇ. ಇವಕ್ಕೆ ಪದೇಪದೇ ನೆತ್ತರಿನ ಪರೀಕ್ಷೆ ಬೇಡ. ಸೊಪ್ಪಿನ ಹುಳಿ ಉಂಡರೂ ಬಾಧಕವಿಲ್ಲ.

ಔಷಧ ಹೆಪ್ಪನ್ನು ಕರಗಿಸುವುದಿಲ್ಲ

ಇಲ್ಲಿ ಒಂದು ಸಾಮಾನ್ಯವಾದ ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಮೇಲೆ ಹೇಳಿದ ಯಾವ ಔಷಧವೂ ಕಟ್ಟಿದ ಹೆಪ್ಪನ್ನು ಕರಗಿಸುವುದಿಲ್ಲ. ಅವು ಮಾಡುವುದಿಷ್ಟೆ: ಹೆಪ್ಪು ಮುಂದೆ ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುವುದು. ಇದ್ದ ಹೆಪ್ಪನ್ನು ಕರಗಿಸುವವರು ಯಾರು? ನಮ್ಮ ಶರೀರವೇ. ನೆತ್ತರಿನಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವವಿದ್ದು ಅದು ಫೈಬ್ರಿನ್ನಿನ ನೂಲನ್ನು ಕತ್ತರಿಸುತ್ತದೆ. ಅದರ ಕೆಲಸ ನಿಧಾನ. ವಾರಗಳು, ತಿಂಗಳುಗಳು ಬೇಕು. ಶಸ್ತ್ರಕ್ರಿಯೆಯಿಂದ ಹುಟ್ಟಿದ ಹೆಪ್ಪಿಗೆ ಸಾಮಾನ್ಯವಾಗಿ ಮೂರು ತಿಂಗಳು ಔಷಧ ಕೊಡುವುದು ಈ ಕಾರಣದಿಂದಲೇ. ಬಾವು ಇಳಿಯಿತು, ನೋವು ಹೋಯಿತು ಎಂದು ಹದಿನೈದನೆಯ ದಿನ ಮಾತ್ರೆ ನಿಲ್ಲಿಸುವವನು, ನೀರು ಇಳಿಯಿತೆಂದು ಏರಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟ ರೈತನಂತೆ.

ಕರಗಿಸುವ ಔಷಧಗಳೇ ಇಲ್ಲವೆಂದಲ್ಲ. ಆದರೆ ಅವು ಹೊಸ ಗಾಯದ ಹೆಪ್ಪನ್ನೂ ಕರಗಿಸಿಬಿಡುತ್ತವೆ. ಶಸ್ತ್ರಕ್ರಿಯೆಯಾಗಿ ಕೆಲವೇ ದಿನಗಳಾದವರಲ್ಲಿ ಅದರಿಂದ ತಡೆಯಲಾಗದ ರಕ್ತಸ್ರಾವವಾಗಬಹುದು. ಶ್ವಾಸಕೋಶದ ಹೆಪ್ಪಿನಿಂದ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗುವಂತಿದ್ದಾಗ ಮಾತ್ರ ವೈದ್ಯರು ಆ ಅಸ್ತ್ರವನ್ನು ಕೈಗೆತ್ತಿಕೊಳ್ಳುವರು. ಇನ್ನು ಯಾವ ಹೆಪ್ಪುನಿರೋಧಕವನ್ನೂ ಕೊಡಲಾಗದಷ್ಟು ರಕ್ತಸ್ರಾವವಿದ್ದರೆ, ಶರೀರದ ಕೂಡಲಿಯ ಮುಂದೆ ಮಹಾಭಿಧಮನಿಯೊಳಗೆ ಲೋಹದ ಜಾಲರಿಯೊಂದನ್ನು ತಾತ್ಕಾಲಿಕವಾಗಿ ಇಡುತ್ತಾರೆ. ತೇಲಿಬಂದ ದಿಮ್ಮಿ ಅಲ್ಲಿಯೇ ತಡೆಯುತ್ತದೆ.

ಹಿಂದೆ ಹೆಪ್ಪು ಕಂಡ ರೋಗಿಯನ್ನು ಕದಲದಂತೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಆ ಪದ್ಧತಿ ಈಗ ಬದಲಾಗಿದೆ. ಔಷಧ ಆರಂಭವಾಗಿ ಸ್ಥಿತಿ ಸ್ಥಿರವಾಗಿದ್ದರೆ ಎದ್ದು ನಡೆಯುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ಕಂಡುಬಂದಿದೆ. ಎರಡನೆಯ ಹೃದಯಕ್ಕೆ ಕೆಲಸ ಕೊಟ್ಟರೆ ಒಳಿತೇ ಅಲ್ಲವೆ?

ಬರುವ ಮೊದಲೇ ತಡೆ

ಬಂದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ಈ ವಿಚಾರದಲ್ಲಿ ಭಾರತೀಯ ಮೂಲದ ಶಸ್ತ್ರವೈದ್ಯರೊಬ್ಬರ ಹೆಸರು ಚಿರಸ್ಮರಣೀಯವಾಗಿದೆ. ಲಂಡನ್ನಿನಲ್ಲಿದ್ದ ವಿಜಯ್ ಕಕ್ಕರ್ ಅವರು ನೆತ್ತರಿನ ಫೈಬ್ರಿನೋಜನ್ನಿಗೆ ವಿಕಿರಣಶೀಲ ಅಯೋಡಿನ್ನಿನ ಗುರುತು ಕಟ್ಟಿ, ಹೆಪ್ಪು ಎಲ್ಲಿ ಯಾವಾಗ ಹುಟ್ಟುತ್ತದೆಂಬುದನ್ನು ಹೊರಗಿನಿಂದಲೇ ಅಳೆದರು. ಅನೇಕ ವೇಳೆ ಅದು ಶಸ್ತ್ರಕ್ರಿಯೆಯ ದಿನವೇ ತೊಡಗುತ್ತಿತ್ತು. ಅವರ ನೇತೃತ್ವದಲ್ಲಿ ಹಲವು ಆಸ್ಪತ್ರೆಗಳು ಕೂಡಿ 4121 ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ನಡೆಸಿದ ಪ್ರಯೋಗ 1975ರಲ್ಲಿ ಪ್ರಕಟವಾಯಿತು. ಅಲ್ಪ ಪ್ರಮಾಣದ ಹೆಪಾರಿನ್ ಪಡೆದವರಲ್ಲಿ ಶ್ವಾಸಕೋಶದ ಭಾರಿ ಹೆಪ್ಪಿನಿಂದ ಸತ್ತವರು ಇಬ್ಬರು. ಪಡೆಯದವರಲ್ಲಿ 16 ಮಂದಿ. ಮುಂದೆ ಅವರು ಕಟ್ಟಿದ ಸಂಶೋಧನ ಸಂಸ್ಥೆಯ ಶಾಖೆಯೊಂದು ಬೆಂಗಳೂರಿನಲ್ಲಿಯೂ ತೆರೆಯಿತು.

ಇಂದು ಕೀಲು ಬದಲಿಸಿಕೊಂಡವರಿಗೆಲ್ಲ ಯಾವುದಾದರೊಂದು ತಡೆಯನ್ನು ಒದಗಿಸುವುದು ರೂಢಿ. ರಿವರಾಕ್ಸಬಾನ್ ಮಾತ್ರೆಗೆ ಗೊತ್ತುಪಡಿಸಿದ ಅವಧಿ ಮಂಡಿಗೆ ಸುಮಾರು ಎರಡು ವಾರ, ಸೊಂಟಕ್ಕೆ ಐದು ವಾರ. ಅಗ್ಗವಾದ ಆಸ್ಪಿರಿನ್ ಸಾಲದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೊದಲ ಐದು ದಿನ ರಿವರಾಕ್ಸಬಾನ್ ಕೊಟ್ಟು ಅನಂತರ ಆಸ್ಪಿರಿನ್ನಿಗೆ ಬದಲಿಸಿದರೆ ಸಾಕೆಂದು 3424 ರೋಗಿಗಳನ್ನು ಒಳಗೊಂಡ 2018ರ ಕೆನಡದ ಪ್ರಯೋಗ ತೋರಿಸಿತು. ಆದರೆ ಮೊದಲಿನಿಂದಲೂ ಆಸ್ಪಿರಿನ್ ಒಂದನ್ನೇ ಕೊಟ್ಟ ಆಸ್ಟ್ರೇಲಿಯದ 2022ರ ಪ್ರಯೋಗದಲ್ಲಿ ನೂರಕ್ಕೆ 3.45 ಮಂದಿಗೆ ಹೆಪ್ಪಿನ ತೊಂದರೆಯಾಯಿತು; ಎನಾಕ್ಸಪಾರಿನ್ ಪಡೆದವರಲ್ಲಿ 1.82 ಮಂದಿಗೆ. ಯಾರಿಗೆ ಯಾವುದು ತಕ್ಕುದೆಂಬುದು ರೋಗಿಯ ವಯಸ್ಸು, ತೂಕ, ಮೂತ್ರಪಿಂಡದ ಸ್ಥಿತಿ, ಹಿಂದೆ ಹೆಪ್ಪು ಕಟ್ಟಿದ್ದಿತೆ ಎಂಬುದನ್ನೆಲ್ಲ ನೋಡಿ ವೈದ್ಯರು ನಿರ್ಧರಿಸಬೇಕಾದ ವಿಷಯ.

ಮೊಮ್ಮಕ್ಕಳ ಪಾಲಿನ ಕೆಲಸ

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಇಂಥ ಅಜ್ಜಿಯೊ ಅಜ್ಜನೊ ಇರಬಹುದು. ಔಷಧದ ಚೀಟಿಯನ್ನು ಓದಿ ಹೇಳುವವರು ಬಹುಶಃ ನೀವೇ. ಆದುದರಿಂದ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಿ.

ಮಾತ್ರೆ ಎಷ್ಟು ದಿನಕ್ಕೆಂದು ಬರೆದಿದೆಯೊ ಅಷ್ಟು ದಿನವೂ ತಪ್ಪದೆ ನುಂಗಿಸಬೇಕು. ಮುಗಿಯುವ ಮೊದಲೇ ಮತ್ತೆ ತರಿಸಬೇಕು. ಪಾದವನ್ನು ಗಂಟೆಗೆ ಹತ್ತಾರು ಬಾರಿ ಮೇಲಕ್ಕೂ ಕೆಳಕ್ಕೂ ಆಡಿಸುವಂತೆ, ಆಗಾಗ ಎದ್ದು ನಡೆಯುವಂತೆ ಅವರನ್ನು ಹುರಿದುಂಬಿಸಬೇಕು. ಮಂಡಿ ನೋಯುತ್ತದೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬಾರದು. ಅವುಗಳಲ್ಲಿ ಅನೇಕವು ಹೆಪ್ಪುನಿರೋಧಕದೊಡನೆ ಕೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಮಲ ಕಪ್ಪಗಾದರೆ, ಮೂತ್ರ ಕೆಂಪಾದರೆ, ಗಾಯ ಒಸರುತ್ತಲೇ ಇದ್ದರೆ, ಬಿದ್ದು ತಲೆಗೆ ಪೆಟ್ಟಾದರೆ ಕೂಡಲೆ ವೈದ್ಯರಿಗೆ ತಿಳಿಸಬೇಕು.

ಕಾಲಿನ ಬಾವು ಏರಿದರೆ ಅಂದೇ ಶಿವಮೊಗ್ಗಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಬೇಕು. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂಥ ನೋವು, ಕೆಮ್ಮಿನಲ್ಲಿ ನೆತ್ತರು, ತಲೆಸುತ್ತಿ ಬೀಳುವಂತಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಒಡನೆಯೇ 108ಕ್ಕೆ ಕರೆ ಮಾಡಬೇಕು. ಕಾಲಿನಲ್ಲಿ ಯಾವ ಸೂಚನೆಯನ್ನೂ ಕೊಡದೆ ಹೆಪ್ಪು ನೇರವಾಗಿ ಶ್ವಾಸಕೋಶದಲ್ಲಿಯೇ ತಲೆದೋರುವುದೂ ಉಂಟು.

ನಮ್ಮ ಹೊಳಲೂರಿನ ಅಜ್ಜಿಯ ಕಾಲು ಬಾತ ಸಂಜೆ ಎಣ್ಣೆಯ ಬಟ್ಟಲನ್ನು ತಂದವರನ್ನು ತಡೆದು, ‘ನೀವುವುದು ಬೇಡ, ಸ್ಕ್ಯಾನಿಂಗ್ ಮಾಡಿಸೋಣ’ ಎಂದು ಮೊಮ್ಮಗಳು ಹೇಳಿದಳೆನ್ನೋಣ. ಅಷ್ಟು ಮಾತಿನಿಂದ ಅಜ್ಜಿಗೆ ಹೊಸ ಮಂಡಿಯ ಮೇಲೆ ತೋಟದ ತುದಿಯವರೆಗೆ ನಡೆದುಹೋಗುವ ವರ್ಷಗಳು ದೊರೆಯಬಹುದು. ಮೆಕ್ಲೀನನಿಂದ ಕಕ್ಕರ್ ಅವರವರೆಗೆ ಅನೇಕರು ದುಡಿದು ಗಳಿಸಿದ ಜ್ಞಾನ ಸಾರ್ಥಕವಾಗುವುದು ಅಂಥ ಒಂದು ಸಂಜೆಯಲ್ಲಿ.